ಏನ್ ಕೆಲ್ಸ ಮಾಡ್ತೀರಿ ಎಂದು ಕೇಳಿದ ವೈದ್ಯ

ಶಹಾಬಾದಿನ ಖಣಿಯಲ್ಲಿ ಫರಸಿ ಕಲ್ಲು ಎಬ್ಬಿಸುವವನಿಗೆ ಸೊಂಟ ಹಿಡಿದರೆ ಊರಿಗೆಲ್ಲ ಕಾರಣ ಗೊತ್ತು. ಸಿಮೆಂಟಿನ ದೂಳಿನಲ್ಲಿ ಇಪ್ಪತ್ತು ವರ್ಷ ದುಡಿದವನು ವಾಡಿಯಲ್ಲಿ ಕೆಮ್ಮುತ್ತಾ ಕೂತರೆ ಯಾರಿಗೂ ಆಶ್ಚರ್ಯವಿಲ್ಲ. ಚಿಂಚೋಳಿಯ ತೊಗರಿ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕಿತ್ತವಳಿಗೆ ಬೆನ್ನು ನೋಯುತ್ತದೆ ಎಂದರೆ ಎಲ್ಲರೂ ನಂಬುತ್ತಾರೆ. ಆದರೆ ಅದೇ ಮನೆಗಳ ಮಗಳೋ ಮಗನೋ ಸೇಡಂನಲ್ಲೋ ಚಿತ್ತಾಪುರದಲ್ಲೋ ಕಂಪ್ಯೂಟರ್ ಮುಂದೆ ದಿನವಿಡೀ ಅರ್ಜಿ ಟೈಪ್ ಮಾಡಿ, ರಾತ್ರಿ ಬೆರಳು ಜೋಮು ಹಿಡಿದು ಎದ್ದು ಕೂತರೆ? ನೆಳ್ಳಾಗ ಕುಂತು ಮಾಡೋ ಕೆಲ್ಸ, ಅದಕ್ಕೇನ್ ಬ್ಯಾನಿ ಅಂತ ಮನೆಯವರೇ ನಗುತ್ತಾರೆ. ದವಾಖಾನೆಯಲ್ಲಿ ಒಂದು ನೋವಿನ ಗುಳಿಗೆ ಕೊಟ್ಟು ಕಳಿಸುತ್ತಾರೆ. ದಿನಕ್ಕೆ ಎಷ್ಟು ಗಂಟೆ ಕೂರುತ್ತೀ, ಯಾವ ಕುರ್ಚಿಯ ಮೇಲೆ, ನಡುವೆ ಏಳಲು ಬಿಡುತ್ತಾರಾ ಅನ್ನುವ ಪ್ರಶ್ನೆ ಬರುವುದು ಅಪರೂಪ.

ಈ ಪ್ರಶ್ನೆಯನ್ನು ವೈದ್ಯಶಾಸ್ತ್ರದ ಒಳಗೆ ತಂದವನು ಇಟಲಿಯ ಒಬ್ಬ ವೈದ್ಯ. ಹೆಸರು ಬರ್ನಾರ್ದಿನೊ ರಮಜ್ಜಿನಿ. ಅವನು ತೀರಿಕೊಂಡು ಮುನ್ನೂರು ವರ್ಷಗಳ ಮೇಲಾಯಿತು. ಕಂಪ್ಯೂಟರ್ ಇರಲಿ, ಟೈಪ್‌ರೈಟರ್ ಕೂಡ ಇಲ್ಲದ ಕಾಲದಲ್ಲಿ, ಕೂತು ಬರೆಯುವವರ ಕೈ, ಕುತ್ತಿಗೆ, ತಲೆ ಯಾಕೆ ಕೆಡುತ್ತವೆ ಎಂದು ಅವನು ಬರೆದದ್ದು ಇವತ್ತಿಗೂ ಹೆಚ್ಚುಕಡಿಮೆ ಹಾಗೇ ನಿಂತಿದೆ. ಅವನ ಬದುಕಿನ ಕಥೆ ನಮಗೆ ಬೇಕಾಗಿರುವುದು ಇದಕ್ಕಾಗಿ: ಕೆಲಸದಿಂದ ಬರುವ ರೋಗವನ್ನು ನಾವು ಇನ್ನೂ ದುಡಿಯುವವರ ಸ್ವಂತ ದೌರ್ಬಲ್ಯ ಅಂತಲೇ ತಿಳಿದಿದ್ದೇವೆ.

ಜ್ವರದಿಂದ ಶುರುವಾದ ವೃತ್ತಿ

ರಮಜ್ಜಿನಿ ಹುಟ್ಟಿದ್ದು 1633ರಲ್ಲಿ, ಉತ್ತರ ಇಟಲಿಯ ಕಾರ್ಪಿ ಎಂಬ ಸಣ್ಣ ಪಟ್ಟಣದಲ್ಲಿ. ಆಗ ಇಟಲಿ ಎಂಬ ಒಂದು ದೇಶವಿರಲಿಲ್ಲ. ನಮ್ಮ ಸಂಸ್ಥಾನಗಳ ಹಾಗೆ ತುಂಡು ತುಂಡು ರಾಜ್ಯಗಳಿದ್ದವು. ಕಾರ್ಪಿ ಇದ್ದದ್ದು ಎಸ್ತೆ ವಂಶದ ಡ್ಯೂಕ್‌ಗಳು ಆಳುತ್ತಿದ್ದ ಮೊಡೆನಾ ರಾಜ್ಯದಲ್ಲಿ. ಪಾರ್ಮಾ ಎಂಬ ಊರಿನಲ್ಲಿ ಅವನು ತತ್ವಶಾಸ್ತ್ರ ಮತ್ತು ವೈದ್ಯಶಾಸ್ತ್ರ ಓದಿ 1659ರಲ್ಲಿ ಪದವಿ ಪಡೆದ. ಆಮೇಲೆ ರೋಮ್‌ಗೆ ಹೋಗಿ ಅಲ್ಲಿನ ಹಿರಿಯ ವೈದ್ಯನೊಬ್ಬನ ಕೈಕೆಳಗೆ ಪಳಗಿದ. ಅಲ್ಲಿಂದ ವಿತೆರ್ಬೊ ಕಡೆಯ ಹಳ್ಳಿಗಾಡಿಗೆ ವೈದ್ಯನಾಗಿ ಹೋದ.

ಆ ಸೀಮೆಯಲ್ಲಿ ಮಲೇರಿಯಾ ಮನೆ ಮಾಡಿತ್ತು. ಸೊಳ್ಳೆಯಿಂದ ಬರುವ ಜ್ವರ ಅಂತ ಆಗ ಯಾರಿಗೂ ತಿಳಿದಿರಲಿಲ್ಲ. ಹಳ್ಳಿಯವರ ಜ್ವರ ನೋಡಲು ಹೋದ ವೈದ್ಯನಿಗೇ ಅದು ಅಂಟಿತು. ಸುಸ್ತಾಗಿ ಹುಟ್ಟೂರಿಗೆ ಮರಳಿದ. ಚೇತರಿಸಿಕೊಂಡು ಕಾರ್ಪಿಯಲ್ಲೇ ಚಿಕಿತ್ಸೆ ಕೊಡುತ್ತಾ ಇದ್ದು, 1670ರ ದಶಕದಲ್ಲಿ ರಾಜಧಾನಿ ಮೊಡೆನಾಕ್ಕೆ ಬಂದ. 1682ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಮತ್ತೆ ಬಾಗಿಲು ತೆರೆದಾಗ ಡ್ಯೂಕ್ ಅವನನ್ನು ವೈದ್ಯಶಾಸ್ತ್ರದ ಪ್ರಾಧ್ಯಾಪಕನನ್ನಾಗಿ ನೇಮಿಸಿದ.

ಆಗ ಅವನಿಗೆ ಐವತ್ತರ ಹತ್ತಿರ ವಯಸ್ಸು. ಅರಮನೆಯ ಒಲವು, ಪಾಠ ಹೇಳುವ ಕುರ್ಚಿ, ಸಾಕಷ್ಟು ಸಂಪಾದನೆ ಎಲ್ಲವೂ ಇತ್ತು. ಹಾಯಾಗಿ ಇದ್ದುಬಿಡಬಹುದಿತ್ತು. ಅವನ ಹೆಸರು ಇವತ್ತಿಗೂ ಉಳಿದಿರುವುದು ಅವನು ಹಾಗೆ ಇದ್ದುಬಿಡಲಿಲ್ಲವಾದ್ದರಿಂದ.

ಮಲದ ಗುಂಡಿಯ ಪಾಠ

ಮೊಡೆನಾದಲ್ಲಿ ಮನೆಗಳ ಮಲದ ಗುಂಡಿಗಳನ್ನು ಕೆಲವು ವರ್ಷಕ್ಕೊಮ್ಮೆ ಖಾಲಿ ಮಾಡಿಸುವ ರೂಢಿ ಇತ್ತು. ಒಮ್ಮೆ ರಮಜ್ಜಿನಿಯ ಮನೆಯಲ್ಲೇ ಆ ಕೆಲಸ ನಡೆಯಿತು. ಗುಂಡಿಗೆ ಇಳಿದವನು ಸ್ವಲ್ಪವೂ ನಿಲ್ಲದೆ, ಗಡಿಬಿಡಿಯಿಂದ ದುಡಿಯುತ್ತಿದ್ದ. ಇಷ್ಟು ಅವಸರ ಯಾಕೆ, ನಿಧಾನ ಮಾಡಿದರೆ ಸುಸ್ತು ಕಡಿಮೆಯಾಗುತ್ತದಲ್ಲ ಎಂದು ವೈದ್ಯ ಕೇಳಿದ. ಕೆಲಸಗಾರ ತಲೆಯೆತ್ತಿ, ಇಲ್ಲಿ ನಾಲ್ಕು ತಾಸಿಗಿಂತ ಹೆಚ್ಚು ನಿಂತರೆ ಕಣ್ಣು ಹೋಗುತ್ತದೆ, ನಿಂತು ನೋಡದವರಿಗೆ ಅದು ತಿಳಿಯುವುದಿಲ್ಲ ಎಂಬ ಅರ್ಥದ ಮಾತು ಹೇಳಿದ. ಅವನು ಮೇಲೆ ಬಂದಾಗ ರಮಜ್ಜಿನಿ ಕಣ್ಣು ಪರೀಕ್ಷೆ ಮಾಡಿದ. ಕೆಂಪಾಗಿ ಮಬ್ಬಾಗಿದ್ದವು. ಮನೆಗೆ ಹೋಗಿ ಬಿಸಿನೀರಲ್ಲಿ ಕಣ್ಣು ತೊಳೆದು ಒಂದು ದಿನ ಕತ್ತಲ ಕೋಣೆಯಲ್ಲಿ ಕೂರುವುದೇ ಇವರ ಮದ್ದು ಅಂತ ತಿಳಿಯಿತು. ಇದೇ ಕೆಲಸ ಮಾಡಿ ಕುರುಡಾಗಿ ಊರಿನಲ್ಲಿ ಭಿಕ್ಷೆ ಬೇಡುವವರನ್ನೂ ಅವನು ನೋಡಿದ.

ಇದು ಹಳೆಯ ಇಟಲಿಯ ಕಥೆ ಮಾತ್ರ ಅಲ್ಲ ಎಂಬುದು ಓದುಗರಿಗೆ ಹೇಳಬೇಕಿಲ್ಲ. ಗುಂಡಿಗೆ ಮನುಷ್ಯರನ್ನು ಇಳಿಸಬಾರದು ಎಂಬ ಕಾನೂನು 2013ರಲ್ಲಿ ಬಂದಮೇಲೂ ನಮ್ಮ ಊರುಗಳಲ್ಲಿ ಯಾರನ್ನು ಇಳಿಸುತ್ತಾರೆ, ಯಾವ ಜಾತಿಯವರನ್ನು ಇಳಿಸುತ್ತಾರೆ ಎಂಬುದು ಗುಟ್ಟಲ್ಲ.

ಆ ದಿನ ಪ್ರಾಧ್ಯಾಪಕ ಒಂದು ಪಾಠ ಕಲಿತ. ಕೆಲಸದ ರೋಗ ಗ್ರಂಥದಲ್ಲಿ ಸಿಗುವುದಿಲ್ಲ, ಕೆಲಸದ ಜಾಗದಲ್ಲಿ ಸಿಗುತ್ತದೆ. ಅಲ್ಲಿಂದ ಮುಂದೆ ಅವನು ಕುಂಬಾರರು, ಗಾಜು ಊದುವವರು, ಚಿನ್ನದ ಲೇಪ ಹಾಕುವವರು, ಬಟ್ಟೆ ಒಗೆಯುವ ಹೆಂಗಸರು, ಸೂಲಗಿತ್ತಿಯರು, ಧಾನ್ಯ ಕೇರುವವರು, ಹೆಣ ಹೊರುವವರು ಎಲ್ಲರ ಬಳಿ ಹೋದ. ಮೂಗು ಮುಚ್ಚದೆ ಅವರ ಅಂಗಡಿಗಳಲ್ಲಿ ಕೂತ. ಬಡವನ ಮನೆಗೆ ಹೋದ ವೈದ್ಯ ನಿಂತ ಕಾಲಲ್ಲೇ ನಾಡಿ ಹಿಡಿದು ಹೊರಟುಬಿಡಬಾರದು, ಅಲ್ಲಿ ಇರುವ ಹಲಗೆಯ ಮೇಲೋ ಮುಕ್ಕಾಲಿಯ ಮೇಲೋ ಕೂತು ಸಮಾಧಾನದಿಂದ ಮಾತಾಡಿಸಬೇಕು ಎಂದು ಶಿಷ್ಯರಿಗೆ ಕಲಿಸಿದ.

ಹಿಪೊಕ್ರಟಿಸ್‌ನ ಕಾಲದಿಂದ ವೈದ್ಯರು ರೋಗಿಗೆ ಕೇಳುವ ಪ್ರಶ್ನೆಗಳ ಒಂದು ಪಟ್ಟಿ ಇತ್ತು: ಏನು ನೋವು, ಯಾವಾಗಿಂದ, ಏನು ತಿಂದೆ, ಹೀಗೆ. ಆ ಪಟ್ಟಿಗೆ ರಮಜ್ಜಿನಿ ಒಂದೇ ಒಂದು ಪ್ರಶ್ನೆ ಸೇರಿಸಿದ: ನಿನ್ನ ಕೆಲಸ ಏನು? ಸಾಮಾನ್ಯ ಜನರಿಗೆ ಚಿಕಿತ್ಸೆ ಕೊಡುವಾಗ ಇದನ್ನು ಕೇಳದೆ ಮುಂದೆ ಹೋಗಬೇಡಿ ಅಂತ ಒತ್ತಿ ಹೇಳಿದ. ಕೇಳಲು ಅರ್ಧ ನಿಮಿಷವೂ ಬೇಡದ ಈ ಪ್ರಶ್ನೆಯಿಂದ ರೋಗದ ಹೊಣೆ ಎಲ್ಲಿ ಕೂರಬೇಕು ಎಂಬುದೇ ಬದಲಾಗಿಬಿಡುತ್ತದೆ.

1700: ಒಂದು ಪುಸ್ತಕ

ಕುಶಲಕರ್ಮಿಗಳ ರೋಗಗಳ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಬರೆದ ಅವನ ಪುಸ್ತಕ 1700ರಲ್ಲಿ ಮೊಡೆನಾದಲ್ಲಿ ಅಚ್ಚಾಯಿತು. ನಲವತ್ತಕ್ಕೂ ಹೆಚ್ಚು ಕಸುಬುಗಳು ಅದರಲ್ಲಿವೆ. ಪ್ರತಿ ಅಧ್ಯಾಯದ ಜಾಡು ಒಂದೇ. ಈ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಮೈಗೆ ಏನು ತಾಗುತ್ತದೆ, ಯಾವ ರೋಗ ಬರುತ್ತದೆ, ತಡೆಯಲು ಏನು ಮಾಡಬಹುದು. ಕೆಲಸದ ರೋಗಗಳು ಎರಡು ದಾರಿಯಲ್ಲಿ ಬರುತ್ತವೆ ಎಂದು ಅವನು ಕಂಡುಕೊಂಡ. ಒಂದು, ಕೈಯಾಡಿಸುವ ವಸ್ತುವಿನ ವಿಷ ಮತ್ತು ದೂಳು. ಎರಡನೆಯದು, ಮೈಯನ್ನು ಒಂದೇ ಭಂಗಿಯಲ್ಲಿ ಬಿಗಿದು ಹಿಡಿಯುವುದು ಅಥವಾ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು.

ನಮ್ಮ ಈ ಐದು ಊರುಗಳಿಗೆ ಮೊದಲ ದಾರಿ ಚೆನ್ನಾಗಿ ಗೊತ್ತು. ಇಲ್ಲಿನ ನೆಲದಡಿ ಇರುವುದೇ ಸುಣ್ಣಕಲ್ಲು. ಅದನ್ನು ಪದರ ಪದರವಾಗಿ ಎಬ್ಬಿಸಿದರೆ ದೇಶದ ತುಂಬ ಮನೆಗಳ ನೆಲಕ್ಕೆ ಹೋಗುವ ಶಹಾಬಾದಿ ಕಲ್ಲು, ಅರೆದು ಸುಟ್ಟರೆ ವಾಡಿ, ಸೇಡಂ, ಮಳಖೇಡದ ಸಿಮೆಂಟ್. ಕಲ್ಲುಕುಟಿಗರ ಅಧ್ಯಾಯದಲ್ಲಿ ರಮಜ್ಜಿನಿ ಬರೆದದ್ದು ಇಲ್ಲಿನವರಿಗೆ ಅರ್ಥ ಹೇಳಿಕೊಡಬೇಕಿಲ್ಲ. ಒಡೆಯುವಾಗ ಹಾರುವ ಚೂಪು ಚೂರುಗಳನ್ನು ಉಸಿರಿನ ಜೊತೆ ಒಳಗೆಳೆದುಕೊಂಡು ಕೆಲಸಗಾರರು ಕೆಮ್ಮುತ್ತಾರೆ, ದಮ್ಮು ಹಿಡಿಯುತ್ತದೆ. ಸತ್ತವರ ಶ್ವಾಸಕೋಶ ಕೊಯ್ದು ನೋಡಿದ ವೈದ್ಯರಿಗೆ ಒಳಗೆ ಕಲ್ಲಿನ ಕಣಗಳು ಸಿಕ್ಕಿವೆ ಎಂದು ಅವನು ದಾಖಲಿಸಿದ.

ಅವನ ಪುಸ್ತಕದಲ್ಲಿ ಒಂದು ಕೋರ್ಟ್ ಕೇಸ್ ಕೂಡ ಇದೆ. ಮೊಡೆನಾ ರಾಜ್ಯದ ಫಿನಾಲೆ ಎಂಬ ಊರಿನಲ್ಲಿ ಒಬ್ಬ ವ್ಯಾಪಾರಿ ಪಾದರಸದ ರಾಸಾಯನಿಕ ತಯಾರಿಸುವ ದೊಡ್ಡ ಕಾರ್ಖಾನೆ ನಡೆಸುತ್ತಿದ್ದ. ಅದರ ಹೊಗೆಯಿಂದ ಸುತ್ತಲಿನವರ ಉಸಿರಾಟ ಕೆಡುತ್ತಿದೆ ಎಂದು ಊರಿನವನೊಬ್ಬ ದಾವೆ ಹೂಡಿದ. ವೈದ್ಯರ ಪತ್ರ ತಂದ. ಆ ಕೇರಿಯಲ್ಲಿ ಬೇರೆಡೆಗಿಂತ ಹೆಚ್ಚು ಸಾವು ಆಗಿವೆ ಎಂದು ತೋರಿಸಲು ಚರ್ಚಿನ ಮರಣದ ಪುಸ್ತಕವನ್ನೂ ಮುಂದಿಟ್ಟ. ಇಷ್ಟೆಲ್ಲ ಮಾಡಿಯೂ ಗೆದ್ದದ್ದು ವ್ಯಾಪಾರಿಯೇ. ರಮಜ್ಜಿನಿ ಈ ಪ್ರಸಂಗವನ್ನು ಬರೆದಿಟ್ಟು, ತೀರ್ಪು ಸರಿಯೋ ಎಂಬುದನ್ನು ಓದುವವರಿಗೆ ಬಿಟ್ಟ. ಚಿಮಣಿಯ ನೆರಳಿನಲ್ಲಿ ಬದುಕುವ ಯಾವ ಊರಿನವರಿಗೂ ಈ ಕಥೆ ಹೊಸದಲ್ಲ.

ಕಣ್ಣು ಹೋಗುತ್ತಾ ಬರೆದ ಅಧ್ಯಾಯಗಳು

ಪುಸ್ತಕ ಬಂದ ವರ್ಷವೇ, ಅರವತ್ತೇಳರ ಹತ್ತಿರದ ವಯಸ್ಸಿನಲ್ಲಿ, ಅವನನ್ನು ಪಾದುವಾ ವಿಶ್ವವಿದ್ಯಾಲಯ ಕರೆಯಿತು. ವೆನಿಸ್ ಗಣರಾಜ್ಯದ ಕೈಕೆಳಗಿದ್ದ ಪಾದುವಾ ಆಗ ಯುರೋಪಿನಲ್ಲೇ ದೊಡ್ಡ ಹೆಸರಿನ ವೈದ್ಯಕೀಯ ಪೀಠ. ಆದರೆ ಅಲ್ಲಿಗೆ ಹೋದ ಕೆಲವೇ ವರ್ಷಗಳಲ್ಲಿ ಅವನ ದೃಷ್ಟಿ ಮಂಜಾಗತೊಡಗಿತು. ಎದೆಬಡಿತದ ತೊಂದರೆ, ತಲೆನೋವು ಜೊತೆಗೂಡಿದವು. ಓದಲು, ಬರೆಯಲು ಬೇರೆಯವರ ಕಣ್ಣು ಕೈಗಳನ್ನು ನಂಬಬೇಕಾಯಿತು. ಆದರೂ ಪಾಠ ನಿಲ್ಲಿಸಲಿಲ್ಲ. 1708ರಲ್ಲಿ ಅಲ್ಲಿನ ಅತಿ ಎತ್ತರದ ವೈದ್ಯಕೀಯ ಪೀಠ ಅವನಿಗೆ ಸಿಕ್ಕಿತು. 1711ರಲ್ಲಿ ದನಗಳಿಗೆ ಮಾರಿರೋಗ ಬಂದಾಗ ಅದರ ಬಗ್ಗೆಯೂ ಉಪನ್ಯಾಸ ಕೊಟ್ಟ.

1713ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ತನ್ನ ಪುಸ್ತಕವನ್ನು ಹಿಗ್ಗಿಸಿ ಮತ್ತೆ ಹೊರತಂದ. ಹೊಸದಾಗಿ ಹನ್ನೆರಡು ಅಧ್ಯಾಯ ಸೇರಿಸಿದ್ದ. ಅವುಗಳ ಮೊದಲಲ್ಲೇ ಇರುವುದು ಅಚ್ಚುಮೊಳೆ ಜೋಡಿಸುವವರು ಮತ್ತು ಬರೆಯುವವರು. ಗುಮಾಸ್ತರು, ನೋಟರಿಗಳು, ದೊರೆಗಳ ಕಾರ್ಯದರ್ಶಿಗಳು. ಮೇಲುನೋಟಕ್ಕೆ ಬೆವರು ಸುರಿಸದ ಕೆಲಸ. ಇವರನ್ನು ಗಣಿಯವರ, ಕಲ್ಲುಕುಟಿಗರ ಸಾಲಿನಲ್ಲೇ ನಿಲ್ಲಿಸಿದ್ದು ಅವನ ದೊಡ್ಡತನ.

ಬರೆಯುವವರ ರೋಗಕ್ಕೆ ಅವನು ಮೂರು ಕಾರಣ ಕೊಟ್ಟ. ಎಡೆಬಿಡದೆ ಕೂತಿರುವುದು. ಕೈಯನ್ನು ಸದಾ ಒಂದೇ ರೀತಿಯಲ್ಲಿ ಆಡಿಸುತ್ತಿರುವುದು. ತಪ್ಪಾದೀತು, ಲೆಕ್ಕ ಕೆಟ್ಟೀತು, ಯಜಮಾನ ಸಿಟ್ಟಾದಾನು ಎಂದು ಮನಸ್ಸು ಸದಾ ಬಿಗಿದಿರುವುದು. ಈ ಮೂರನ್ನು ಇವತ್ತಿನ ಡೇಟಾ ಎಂಟ್ರಿ ಆಪರೇಟರ್ ಮುಂದೆ ಇಡಿ. ಕುರ್ಚಿ, ಕೀಬೋರ್ಡ್ ಮತ್ತು ಟಾರ್ಗೆಟ್. ಮುನ್ನೂರು ವರ್ಷದಲ್ಲಿ ಬದಲಾಗಿದ್ದು ಉಪಕರಣ ಮಾತ್ರ.

ಒಬ್ಬ ನೋಟರಿಯ ಕಥೆಯನ್ನೂ ಅವನು ಹೇಳುತ್ತಾನೆ. ಜೀವಮಾನವಿಡೀ ಬರೆದು ಒಳ್ಳೆಯ ಹಣ ಮಾಡಿದ್ದ ಮನುಷ್ಯ. ಮೊದಲು ಬಲತೋಳೆಲ್ಲ ಸೋತಂತಾಯಿತು. ಯಾವ ಮದ್ದೂ ಹತ್ತಲಿಲ್ಲ. ಕೊನೆಗೆ ಕೈ ಸ್ವಾಧೀನವೇ ತಪ್ಪಿತು. ಆಗ ಅವನು ಹಟ ಹಿಡಿದು ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ಕಾಲದಲ್ಲಿ ಎಡಗೈಗೂ ಅದೇ ಗತಿ ಬಂತು. ಬಲಗೈ ನೋಯುತ್ತದೆ ಎಂದು ಮೌಸ್ ಅನ್ನು ಎಡಕ್ಕೆ ಇಟ್ಟುಕೊಂಡು, ಕೆಲಸದ ಗಂಟೆಯನ್ನು ಮಾತ್ರ ಹಾಗೇ ಬಿಟ್ಟವರು ಈ ಕಥೆಯನ್ನು ಎರಡು ಸಲ ಓದಬೇಕು. ತೊಂದರೆ ಇರುವುದು ಆ ಕೈಯಲ್ಲೋ ಈ ಕೈಯಲ್ಲೋ ಅಲ್ಲ, ಬಿಡುವಿಲ್ಲದಿರುವುದರಲ್ಲಿ.

ನಮ್ಮಲ್ಲೂ ಬರೆಯುವ ಕೈಗಳ ಇತಿಹಾಸ ದೊಡ್ಡದು. ಸೇಡಂ ತಾಲ್ಲೂಕಿನ ಮಳಖೇಡವೇ ಒಂಬತ್ತನೇ ಶತಮಾನದ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಕವಿರಾಜಮಾರ್ಗ ಹುಟ್ಟಿದ್ದು ಆ ಆಸ್ಥಾನದಲ್ಲಿ. ಅಂಥ ಗ್ರಂಥಗಳನ್ನು ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಪ್ರತಿ ಮಾಡಿದ ಲಿಪಿಕಾರರು ಎಷ್ಟು ತಲೆಮಾರು ಬೆನ್ನು ಬಗ್ಗಿಸಿದರೋ. ಕವಿಯ ಹೆಸರು, ರಾಜನ ಹೆಸರು ನಮಗೆ ಸಿಗುತ್ತದೆ. ಆ ಬೆರಳುಗಳ ನೋವಿನ ಕಥೆ ಉಳಿದು ಬಂದಿಲ್ಲ. ರಮಜ್ಜಿನಿ ತನ್ನ ಕಾಲದ ಲಿಪಿಕಾರರಿಗೆ ಅಷ್ಟನ್ನಾದರೂ ಮಾಡಿಕೊಟ್ಟ.

ಅವನ ಮದ್ದು, ನಮ್ಮ ಮೇಜು

ತಡೆಗಟ್ಟುವ ಬಗ್ಗೆ ಅವನು ಹೇಳಿದ್ದು ಸರಳ. ಕೂತು ದುಡಿಯುವವರು ನಡುನಡುವೆ ಏಳಬೇಕು. ರಜೆಯ ದಿನವಾದರೂ ಮೈ ಬಾಗಿಸಿ ಓಡಾಡಬೇಕು. ನೋಯುವ ಕೈಗೆ ಎಣ್ಣೆ ಹಚ್ಚಿ ತಿಕ್ಕಬೇಕು, ಚಳಿಗೆ ಬೆಚ್ಚಗಿಡಬೇಕು. ಗಡಿಯಾರ ಮಾಡುವವರು, ಅಕ್ಕಸಾಲಿಗರಂಥ ಸೂಕ್ಷ್ಮ ಕೆಲಸದವರ ಬಗ್ಗೆ ಬರೆಯುವಾಗ, ತಲೆ ಬಗ್ಗಿಸಿ ಒಂದೇ ಕಡೆ ನೋಟ ನೆಡಬೇಡಿ, ಆಗಾಗ ಕೈಕೆಲಸ ಬಿಟ್ಟು ಬೇರೆ ಬೇರೆ ವಸ್ತುಗಳತ್ತ ಕಣ್ಣು ಹಾಯಿಸಿ, ಕನ್ನಡಕ ಬಳಸಿ ಎಂದ.

ಇವತ್ತಿನ ಕಣ್ಣಿನ ವೈದ್ಯರು ಇದನ್ನೇ ಲೆಕ್ಕ ಹಾಕಿ ಹೇಳುತ್ತಾರೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಿ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಅದಕ್ಕೇ ಕಣ್ಣು ಒಣಗಿ ಉರಿಯುತ್ತದೆ. ಬೇಸಿಗೆಯಲ್ಲಿ ಕಾದ ಕಾವಲಿಯಂಥ ಕಲಬುರಗಿ ಸೀಮೆಯಲ್ಲಿ ಮುಖಕ್ಕೆ ನೇರವಾಗಿ ಫ್ಯಾನ್ ಅಥವಾ ಕೂಲರ್ ಹಚ್ಚಿಕೊಂಡು ಕೂತರೆ ಕಣ್ಣು ಇನ್ನೂ ಬೇಗ ಒಣಗುತ್ತದೆ. ಗಾಳಿ ಪಕ್ಕದಿಂದ ಬರಲಿ.

ಪರದೆ ಒಂದು ತೋಳಿನಷ್ಟು ದೂರ ಇರಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೋ ತುಸು ಕೆಳಗೋ ಇರಲಿ. ಲ್ಯಾಪ್‌ಟಾಪ್ ಆದರೆ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು, ಬೇರೆ ಕೀಬೋರ್ಡ್ ಜೋಡಿಸಿ. ಟೈಪ್ ಮಾಡುವಾಗ ಮೊಣಕೈ ಮೈಗೆ ಹತ್ತಿರ, ಮಣಿಕಟ್ಟು ನೇರ. ಮೇಜಿನಂಚಿಗೆ ಮಣಿಕಟ್ಟು ಒತ್ತಿ ಇಡಬೇಡಿ. ಪಾದ ನೆಲಕ್ಕೆ ಊರಿರಲಿ. ಎಟುಕದಿದ್ದರೆ ಕೆಳಗೆ ಒಂದು ಮಣೆ ಇಟ್ಟರೂ ಸಾಕು. ಗಂಟೆಗೊಮ್ಮೆ ಐದು ನಿಮಿಷ ಎದ್ದು ನಡೆಯಿರಿ. ಆ ಐದು ನಿಮಿಷ ಮೊಬೈಲ್ ಹಿಡಿದರೆ ಅದು ಬಿಡುವಲ್ಲ, ಇನ್ನೂ ಚಿಕ್ಕ ಪರದೆಯ ಮುಂದೆ ಅದೇ ಕೆಲಸ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುವುದು, ಲೋಟ ಕೈಯಿಂದ ಜಾರುವುದು ಶುರುವಾದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಗುಳಿಗೆ ನುಂಗಿ ತಿಂಗಳುಗಟ್ಟಲೆ ದೂಡದೆ ಬೇಗ ವೈದ್ಯರಿಗೆ ತೋರಿಸಿ. ಕೇಳದಿದ್ದರೂ ನಿಮ್ಮ ಕೆಲಸ ಏನು, ಎಷ್ಟು ಗಂಟೆ ಅನ್ನುವುದನ್ನು ನೀವೇ ಹೇಳಿ.

ಅವನು ಕೇಳದೆ ಬಿಟ್ಟ ಪ್ರಶ್ನೆ

ಇಷ್ಟರಲ್ಲೇ ಮುಗಿಸಿದರೆ ಇದು ಇನ್ನೊಂದು ಹೆಲ್ತ್ ಟಿಪ್ಸ್ ಆಗುತ್ತದೆ. ರಮಜ್ಜಿನಿಯ ಮಿತಿಯೂ ಇಲ್ಲೇ ಇದೆ. ಅವನು ಕೆಲಸಗಾರನಿಗೆ ಬುದ್ಧಿ ಹೇಳಿದ. ಕೆಲಸ ಕೊಟ್ಟವನಿಗೆ ಹೊಣೆ ಹೊರಿಸಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೋ, ಆಗಾಗ ಏಳು, ಮೈ ತೊಳೆದುಕೋ ಅಂದ. ಏಳಲು ಬಿಡದಿದ್ದರೆ, ಎದ್ದರೆ ಕೂಲಿ ಕತ್ತರಿಸಿದರೆ ಏನು ಮಾಡಬೇಕು ಎಂದು ಹೇಳಲಿಲ್ಲ. ಡ್ಯೂಕ್‌ನ ಆಶ್ರಯದಲ್ಲಿ ಬರೆಯುತ್ತಿದ್ದವನಿಗೆ ಸಂಘ, ಮುಷ್ಕರ, ಎಂಟು ಗಂಟೆಯ ದುಡಿಮೆ ಎಂಬ ಮಾತುಗಳೇ ಇರಲಿಲ್ಲ. ಬಡತನ ಇವರನ್ನು ಕೆಲಸ ಬಿಡಲು ಬಿಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಮರುಕವೂ ಇತ್ತು. ಹಕ್ಕಿನ ಭಾಷೆ ಮಾತ್ರ ಇರಲಿಲ್ಲ.

1714ರ ನವೆಂಬರ್ 5ರಂದು, ಪಾಠಕ್ಕೆ ಹೊರಡುವ ಸಿದ್ಧತೆಯಲ್ಲಿದ್ದಾಗ ಲಕ್ವ ಹೊಡೆದು ಅವನು ಪಾದುವಾದಲ್ಲಿ ತೀರಿಕೊಂಡ. ಎಂಬತ್ತೊಂದು ವರ್ಷವಾಗಿತ್ತು. ಎರಡು ವರ್ಷದ ನಂತರ ಅವನ ಅಣ್ಣನ ಮಗನ ಸಾಲಿನ ಬಂಧುವೊಬ್ಬ ಬರಹಗಳನ್ನೆಲ್ಲ ಒಟ್ಟುಗೂಡಿಸಿ ಅಚ್ಚು ಹಾಕಿಸಿದ. ಇದೇ ಲಕ್ವದ ಬಗ್ಗೆ ಒಂದು ಲೆಕ್ಕ ನೆನಪಿರಲಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಅಂದಾಜಿಸಿದಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಲಕ್ವದ ಅಪಾಯ ಶೇ. 35ರಷ್ಟು ಹೆಚ್ಚು. ಹಾಗೆ ಅತಿ ದುಡಿಮೆಗೆ ತಳುಕು ಹಾಕಿಕೊಂಡ ಲಕ್ವ ಮತ್ತು ಹೃದ್ರೋಗದಿಂದ 2016 ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 7.45 ಲಕ್ಷ ಜನ ಸತ್ತರು.

ರಮಜ್ಜಿನಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಮುಂದಿನವರು ಕೇಳಿದರು. ಟೆಲಿಗ್ರಾಫ್ ಕೀ ಒತ್ತಿ ಒತ್ತಿ ಕೈ ಸೆಟೆದುಕೊಳ್ಳುವುದನ್ನು ಬ್ರಿಟನ್ 1908ರಲ್ಲಿ ಪರಿಹಾರ ಕೊಡಬೇಕಾದ ಕೆಲಸದ ರೋಗ ಎಂದು ಒಪ್ಪಿತು. ನಮ್ಮಲ್ಲಿ, ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಬಾಬಾಸಾಹೇಬ್ ಅಂಬೇಡ್ಕರ್ ಅವರ ಕಾಲದಲ್ಲಿ ರೂಪುಗೊಂಡ ತಿದ್ದುಪಡಿ 1946ರಲ್ಲಿ ಕಾರ್ಖಾನೆಯ ವಾರದ ದುಡಿಮೆಯನ್ನು 54ರಿಂದ 48 ಗಂಟೆಗೆ ಇಳಿಸಿತು. ಯುರೋಪ್ 1990ರಲ್ಲಿ ಪರದೆ ಮುಂದಿನ ಕೆಲಸಕ್ಕೇ ಬೇರೆ ನಿಯಮ ಮಾಡಿ, ಕಣ್ಣಿನ ತಪಾಸಣೆ, ಬಿಡುವು, ಸರಿಯಾದ ಮೇಜು ಕುರ್ಚಿಗಳನ್ನು ಮಾಲೀಕನ ಹೊಣೆ ಮಾಡಿತು. ರಮಜ್ಜಿನಿಯ ಇಟಲಿಯಲ್ಲಿ, ವಾರಕ್ಕೆ 20 ಗಂಟೆ ಅಥವಾ ಹೆಚ್ಚು ಪರದೆ ಮುಂದೆ ದುಡಿಯುವವರಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಪ್ರತಿ 120 ನಿಮಿಷಕ್ಕೆ 15 ನಿಮಿಷ ಬಿಡುವು ಕೊಡಲೇಬೇಕು. ಆ 15 ನಿಮಿಷವೂ ಕೆಲಸದ ಸಮಯವೇ.

ನಾವು ಎತ್ತ ಹೊರಟಿದ್ದೇವೆ? 2023ರಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿ ಅವರು ಯುವಕರಿಗೆ ವಾರಕ್ಕೆ 70 ಗಂಟೆಯ ಸಲಹೆ ಕೊಟ್ಟರು. 2024ರ ಜುಲೈನಲ್ಲಿ ಕರ್ನಾಟಕದ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆವರೆಗೆ ಚಾಚುವ ಪ್ರಸ್ತಾವ ಬಂತು. ನೌಕರರ ಸಂಘ ಕೆಐಟಿಯು ಬೀದಿಗಿಳಿದು ವಿರೋಧಿಸಿತು. ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿ ಇದೆ. ಸಿಲಿಕೋಸಿಸ್ ಇದೆ, ಸೀಸದ ವಿಷ ಇದೆ, ಸದ್ದಿನಿಂದ ಬರುವ ಕಿವುಡು ಇದೆ. ಕೀಬೋರ್ಡಿನಿಂದ ಬರುವ ಕೈನೋವು ಇಲ್ಲ. ಪಟ್ಟಿಯಲ್ಲಿ ಇಲ್ಲದ ರೋಗವನ್ನು ಯಾರೂ ಎಣಿಸುವುದಿಲ್ಲ. ಎಣಿಸದ ರೋಗಕ್ಕೆ ಯಾರೂ ಹೊಣೆಯಲ್ಲ.

ಬೆಂಗಳೂರಿನ ಗಾಜಿನ ಕಟ್ಟಡದವರಿಗೆ ಒಂದು ಸಂಘವಾದರೂ ಇದೆ. ನಾಡಕಚೇರಿಯಲ್ಲಿ, ಪಂಚಾಯಿತಿಯಲ್ಲಿ, ಝೆರಾಕ್ಸ್ ಅಂಗಡಿಯ ಪಕ್ಕದ ಆನ್‌ಲೈನ್ ಸೆಂಟರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಊರಿನ ಪಹಣಿ, ಪಿಂಚಣಿ, ರೇಷನ್ ಕಾರ್ಡಿನ ಕೆಲಸ ಮಾಡುವ ಗುತ್ತಿಗೆಯವರ ಬೆನ್ನಿಗೆ ಯಾರಿದ್ದಾರೆ? ಸರ್ವರ್ ಡೌನ್ ಆದರೆ ಬೈಗುಳ ಅವರಿಗೆ, ಸರ್ವರ್ ಬಂದಮೇಲೆ ರಾತ್ರಿವರೆಗೆ ಕೂರುವವರೂ ಅವರೇ. ವಾಡಿ ಜಂಕ್ಷನ್‌ನಿಂದ ಹೈದರಾಬಾದಿಗೋ ಬೆಂಗಳೂರಿಗೋ ರೈಲು ಹತ್ತುವ ನಮ್ಮ ಹುಡುಗ ಹುಡುಗಿಯರು ಹೋಗುವುದೂ ಬಹಳ ಸಲ ಇಂಥದೇ ಕುರ್ಚಿಗೆ. ಅಪ್ಪ ಅಮ್ಮ ಖಣಿಯ ದೂಳಿನಿಂದ ಮಕ್ಕಳನ್ನು ಪಾರು ಮಾಡಲು ಫೀಸು ಕಟ್ಟಿ ಕಂಪ್ಯೂಟರ್ ಕಲಿಸಿದರು. ಮೈ ಸವೆಯುವುದು ತಪ್ಪಲಿಲ್ಲ, ಸವೆಯುವ ಜಾಗ ಬದಲಾಯಿತು.

ನಮ್ಮ ನಾಡು ದುಡಿಮೆಗೆ ಕಾಯಕ ಎಂಬ ದೊಡ್ಡ ಹೆಸರು ಕೊಟ್ಟಿದೆ. ಆ ಪದದ ಒಳಗೇ ಕಾಯ ಇದೆ. ಕಾಯವನ್ನು ಕೆಡಿಸುವ ದುಡಿಮೆಗೆ ಕಾಯಕದ ಹೆಸರಿಟ್ಟು ಹೊಗಳುವುದು ಶರಣರ ಮಾತಲ್ಲ, ಮಾಲೀಕರ ಮಾತು.

ಕೇಳಬೇಕಾದ್ದು ಬಹಳ ದೊಡ್ಡದೇನಲ್ಲ. ಸರ್ಕಾರಿ ಕಂಪ್ಯೂಟರ್ ಕೆಲಸದ ಪ್ರತಿ ಗುತ್ತಿಗೆ ಪತ್ರದಲ್ಲಿ ಬಿಡುವಿನ ನಿಮಿಷ ಬರೆದಿರಲಿ. ಎತ್ತರ ಹೊಂದಿಸುವ ಕುರ್ಚಿ, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಹಕ್ಕಾಗಲಿ. ಕೈನೋವು ಪಟ್ಟಿಗೆ ಸೇರಲಿ. ಸೇಡಂ, ಚಿತ್ತಾಪುರ, ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಯಿಂದ ಕಲಬುರಗಿಯ ಇಎಸ್‌ಐಸಿವರೆಗೆ ಹೊರರೋಗಿಗಳ ಚೀಟಿಯಲ್ಲಿ ಹೆಸರು, ವಯಸ್ಸಿನ ಪಕ್ಕ ಇನ್ನೊಂದು ಗೆರೆ ಇರಲಿ: ಕೆಲಸ ಏನು, ದಿನಕ್ಕೆ ಎಷ್ಟು ತಾಸು. ಆ ಗೆರೆ ತುಂಬುತ್ತಾ ಹೋದರೆ ವರ್ಷದೊಳಗೆ ಈ ಸೀಮೆಯ ಖಣಿ, ಕಾರ್ಖಾನೆ, ಹೊಲ, ಕಚೇರಿ ಎಲ್ಲದರ ಲೆಕ್ಕ ಒಂದೇ ಹಾಳೆಯ ಮೇಲೆ ಬರುತ್ತದೆ. ಅದನ್ನು ಹಿಡಿದು ಕೇಳಲು ಹೋದವರನ್ನು ಬರಿಗೈಯಲ್ಲಿ ವಾಪಸ್ ಕಳಿಸುವುದು ಅಷ್ಟು ಸುಲಭವಾಗುವುದಿಲ್ಲ.